ಊರಿನ ಕೆಳಗೊಂದು ಊರು: ಮಾಮೂಲಿ ಮನುಷ್ಯರನ್ನು ಅಲ್ಲಿಗೆ ಇಳಿಸೋದು ಹೇಗೆ?

ಕತ್ತಲೆಮನೆ

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಶುರು ಮಾಡಿ ಮೂರನೇ ಅಧ್ಯಾಯದಲ್ಲಿ ನಿಂತಿದ್ದೇನೆ. ಕಥೆ ಇಷ್ಟು. ದೊಡ್ಡ ನಗರ, ಹೆಸರಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಲೆಕ್ಕ ಬರೆಯುವ ಒಬ್ಬ ಹೆಂಗಸು. ಜಲಾಶಯದಿಂದ ಬಿಟ್ಟ ನೀರಿಗೂ ಮನೆಮನೆಯ ಮೀಟರಿನಲ್ಲಿ ಓಡಿದ ನೀರಿಗೂ ತಾಳೆಯಾಗುವುದಿಲ್ಲ. ಅದು ಯಾವ ಊರಿಗೂ ಹೊಸದಲ್ಲ. ಆದರೆ ಒಂದು ವಾರ್ಡಿನಲ್ಲಿ ಪ್ರತಿ ಅಮಾವಾಸ್ಯೆಗೆ ಅಷ್ಟಕ್ಕಷ್ಟೇ ನೀರು ಕಾಣೆಯಾಗುತ್ತಿದೆ ಎಂಬುದು ಇವಳ ಕಣ್ಣಿಗೆ ಬೀಳುತ್ತದೆ. ಒಡೆದ ಪೈಪು ತಿಥಿ ನೋಡಿಕೊಂಡು ಸೋರುವುದಿಲ್ಲವಲ್ಲ. ಬೆನ್ನು ಹತ್ತಿ ಹೋದರೆ ಕೆಳಗೊಂದು ಲೋಕ. ಅಲ್ಲಿನದೇ ಜನ, ಅಲ್ಲಿನದೇ ಕಾನೂನು, ಅಲ್ಲಿನದೇ ಮಾಟ.

ನನ್ನ ತೊಡಕು: ಇಷ್ಟು ದೊಡ್ಡ ಲೋಕ ಮೇಲಿನವರಿಗೆ ಗೊತ್ತಾಗದೆ ಇರುವುದು ಹೇಗೆ? 'ಮಾಯೆಯ ಪರದೆ' ಅಂತ ಬರೆದು ಕೈ ತೊಳೆದುಕೊಳ್ಳಬಹುದು. ಮನಸ್ಸು ಒಪ್ಪುತ್ತಿಲ್ಲ.

ಅಡ್ಡಮಾತು

ಪರದೆಗಿಂತ ದೊಡ್ಡ ಪೀಡೆ ಇನ್ನೊಂದಿದೆ. ನಾಯಕಿ ಕೆಳಗಿಳಿದ ಕೂಡಲೇ ಒಬ್ಬ ಗಡ್ಡದ ಮುದುಕ ಬಂದು 'ಸಾವಿರ ವರ್ಷದಿಂದ ನಿನಗಾಗಿಯೇ ಕಾಯುತ್ತಿದ್ದೆವು' ಅನ್ನೋದು. ಹಾಗಿದ್ರೆ ಅವಳು ಮಾಮೂಲಿ ಮನುಷ್ಯಳು ಹೇಗಾದ್ಲು? ಲೆಕ್ಕ ಬರೆಯೋಳು ಲೆಕ್ಕ ಬರೆಯೋಳಾಗೇ ಇರ್ಲಿ. ದಯವಿಟ್ಟು ಭುಜದ ಮೇಲೆ ಮಚ್ಚೆ ಗಿಚ್ಚೆ ಇಡಬೇಡಿ.

ಮಣ್ಣಿನ ಇಂಜಿನಿಯರು

ನನ್ನ ಕಸುಬೇ ಸುರಂಗ, ಒಳಚರಂಡಿ. ಹಾಗಾಗಿ ಹೇಳ್ತೀನಿ, ನೆಲದಡಿ ಇರೋದನ್ನ ಮರೆಯೋಕೆ ಊರಿಗೆ ಯಾವ ಮಂತ್ರವೂ ಬೇಕಿಲ್ಲ.

ಇಸ್ತಾಂಬುಲ್ ತಗೊಳ್ಳಿ. ಆರನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ನೆಲದಡಿಯ ನೀರಿನ ತೊಟ್ಟಿ ಅಲ್ಲಿದೆ. ಉದ್ದ ಸುಮಾರು 138 ಮೀಟರ್, ಅಗಲ 65 ಮೀಟರ್, ಒಳಗೆ 336 ಕಂಬ, ಒಂದೊಂದೂ ಸುಮಾರು 9 ಮೀಟರ್ ಎತ್ತರ. ಎರಡು ಕಂಬದ ಬುಡದಲ್ಲಿ ಮೆಡೂಸಾ ಅನ್ನೋ ಗ್ರೀಕ್ ಪುರಾಣದ ಹಾವುಗೂದಲ ರಾಕ್ಷಸಿಯ ಕಲ್ಲಿನ ತಲೆ, ಒಂದು ತಲೆಕೆಳಗಾಗಿ, ಇನ್ನೊಂದು ಅಡ್ಡಡ್ಡ. ಇಂಥದ್ದನ್ನ ಊರು ಮರೆತುಬಿಟ್ಟಿತ್ತು. 1540ರ ದಶಕದಲ್ಲಿ ಪೇತ್ರುಸ್ ಗಿಲ್ಲಿಯುಸ್ ಅನ್ನೋ ಫ್ರೆಂಚ್ ವಿದ್ವಾಂಸ ಹಳೇ ಕಟ್ಟಡಗಳನ್ನ ಹುಡುಕ್ತಾ ಅಲ್ಲಿಗೆ ಬಂದ. ಅಲ್ಲಿನವರು ದಿನಾ ಆ ತೊಟ್ಟಿಯಿಂದಲೇ ಕೊಡ ಇಳಿಬಿಟ್ಟು ನೀರು ಸೇದ್ತಿದ್ರು, ಆದ್ರೆ ಕಾಲ ಕೆಳಗೆ ತೊಟ್ಟಿ ಇದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ ಅಂತ ಬರೆದಿದ್ದಾನೆ. ಅವರ ಪಾಲಿಗೆ ಅದು ಬಾವಿ, ಅಷ್ಟೆ. ಕೊನೆಗೆ ಒಬ್ಬರ ಮನೆಯೊಳಗಿಂದ ಇಳಿಯೋಕೆ ದಾರಿ ಸಿಕ್ತು. ಕತ್ತಲಲ್ಲಿ ಪಂಜು ಹಿಡಿದು, ಆ ಕಂಬಗಳ ಮಧ್ಯೆ ಮನೆ ಯಜಮಾನನೇ ದೋಣಿ ನಡೆಸಿದ. ದೋಣಿ ನಡೆಸ್ತಾ ನಡೆಸ್ತಾ ಈಟಿಯಲ್ಲಿ ಮೀನು ಹೊಡೀತಿದ್ದ.

ನನಗೆ ಇಷ್ಟವಾಗೋದು ಆ ಯಜಮಾನ. ಬೀದಿಗೆ ಬೀದಿಯೇ ಬಾವಿ ಅಂದ್ಕೊಂಡಿದ್ದಾಗ ಇವನ ಹತ್ರ ದೋಣಿ ಇತ್ತು. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಬರೀ ಓದುಗ

ಇಂಜಿನಿಯರ್ ಸಾರ್, ಆ ಯಜಮಾನನೇ ಒಂದು ಕಾದಂಬರಿ.

ಪುಟತಿರುವು

ಪ್ಯಾರಿಸ್‌ನದ್ದು ಇನ್ನೂ ವಿಚಿತ್ರ. ಊರು ಕಟ್ಟಲು ಬೇಕಾದ ಸುಣ್ಣದಕಲ್ಲನ್ನು ಊರಿನ ಅಡಿಯಿಂದಲೇ ತೆಗೆದರು. ಮೇಲೆ ಎಷ್ಟು ಎದ್ದಿತೋ ಕೆಳಗೆ ಅಷ್ಟು ಟೊಳ್ಳು. 1774ರಲ್ಲಿ ಒಂದು ಬೀದಿಯೇ ಕುಸಿಯಿತು. 1777ರಲ್ಲಿ ಈ ಗಣಿಗಳನ್ನು ಕಾಯಲೆಂದೇ ಒಂದು ಇಲಾಖೆ ಹುಟ್ಟಿತು, ಅದು ಈಗಲೂ ಇದೆ. ಆ ಇಲಾಖೆಯವರು ಕೆಳಗಿನ ಸುರಂಗಗಳ ಗೋಡೆಯಲ್ಲಿ ನೇರ ಮೇಲಿರುವ ಬೀದಿಯ ಹೆಸರು ಕೆತ್ತಿದರು, ಎಲ್ಲಿ ಆಧಾರದ ಗೋಡೆ ಕಟ್ಟಿದ್ದೇವೆ ಎಂದು ಗುರುತಿರಲಿ ಅಂತ. ಆಮೇಲೆ ಮೇಲಿನ ಎಷ್ಟೋ ಬೀದಿಗಳ ಹೆಸರು ಬದಲಾಯಿತು. ಕೆಳಗೆ ಹಳೆಯ ಹೆಸರೇ ಉಳಿದಿದೆ.

ಕತ್ತಲೆಮನೆ ಅವರೇ, ಇದನ್ನು ನಿಮ್ಮ ಮಾಟಕ್ಕೆ ಬಳಸಿಕೊಳ್ಳಿ. ಕೆಳಗಿನ ಲೋಕದಲ್ಲಿ ಹಳೆಯ ಹೆಸರಿಗೆ ಮಾತ್ರ ಬಲ. ಮೇಲಿನವರು ಅಳಿಸಿದ್ದೆಲ್ಲ ಅಲ್ಲಿ ಚಲಾವಣೆಯಲ್ಲಿದೆ. ನಿಮ್ಮ ನಾಯಕಿಗೆ ಮದುವೆಗೆ ಮುಂಚೆ ಬೇರೆ ಹೆಸರಿತ್ತೆಂದರೆ ಅವಳನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಮುವ್ವತ್ತು ವರ್ಷದಿಂದ ಯಾರೂ ಕರೆಯದ ಹೆಸರು ಕತ್ತಲಲ್ಲಿ ಕೇಳಿದರೆ ಯಾರು ತಾನೇ ತಿರುಗಿ ನೋಡುವುದಿಲ್ಲ?

ಅಡ್ಡಮಾತು

ಹೆಸರಿನ ಐಡಿಯಾ ಚೆನ್ನಾಗಿದೆ, ಒಪ್ಪಿದೆ. ಎಲುಬಿನ ರಾಶಿ ಮಾತ್ರ ಬೇಡ. ಪ್ಯಾರಿಸ್ ಅಂದ ಕೂಡಲೇ ಎಲ್ಲರೂ ಅಲ್ಲಿಗೇ ಓಡ್ತಾರೆ.

ಪುಟತಿರುವು

ಊರಿನ ಸ್ಮಶಾನಗಳಿಂದ ತಂದ ಅರವತ್ತು ಲಕ್ಷ ಜನರ ಎಲುಬು ಆ ಗಣಿಗಳಲ್ಲಿದೆಯಲ್ಲ, ಓಡದೆ ಇನ್ನೇನು ಮಾಡುತ್ತಾರೆ! ಆದರೆ ನನಗೆ ಆ ಅರವತ್ತು ಲಕ್ಷಕ್ಕಿಂತ ಒಬ್ಬನೇ ಒಬ್ಬ ಹೆಚ್ಚು ಕಾಡುತ್ತಾನೆ. ಫಿಲಿಬೇರ್ ಆಸ್ಪೇರ್. ಆಸ್ಪತ್ರೆಯೊಂದರ ಬಾಗಿಲು ಕಾಯುವವನು. 1793ರ ನವೆಂಬರಿನಲ್ಲಿ ಗಣಿಗೆ ಇಳಿದು ದಾರಿ ತಪ್ಪಿದ. 1804ರಲ್ಲಿ ಸಿಕ್ಕ. ಇವನೇ ಎಂದು ಗುರುತು ಹಿಡಿದದ್ದು ಬೀಗದ ಕೈ ಗೊಂಚಲಿನಿಂದ ಎನ್ನುತ್ತಾರೆ. ಸಿಕ್ಕ ಜಾಗದಲ್ಲೇ ಮಣ್ಣು ಮಾಡಿದರು, ಸಮಾಧಿ ಕಲ್ಲು ಇವತ್ತಿಗೂ ಅಲ್ಲೇ ಇದೆ. ಯಾಕೆ ಇಳಿದನೆಂದು ಕಲ್ಲಿನ ಮೇಲೆ ಬರೆದಿಲ್ಲ. ಮಾಮೂಲಿ ಮನುಷ್ಯ ಎಂದರೆ ಇವನು. ಬಾಗಿಲು ಕಾಯುವವನಿಗೇ ಬಾಗಿಲು ಸಿಗಲಿಲ್ಲ.

ನಿರ್ವಾಹಕ

ಚರ್ಚೆ ಚೆನ್ನಾಗಿ ಸಾಗಿದೆ. ಒಂದೇ ಕೋರಿಕೆ: ಈ ಬಗೆಯ ಪ್ರಸಿದ್ಧ ಕಾದಂಬರಿಗಳ ಕೊನೆಯನ್ನು ಇಲ್ಲಿ ಬಿಚ್ಚಿಡಬೇಡಿ. ಅಂಥ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ಪುರಾಣಪ್ರಿಯೆ

ಸುರಂಗ ಹುಡುಕಿಕೊಂಡು ದೇಶ ಸುತ್ತುತ್ತಿದ್ದೀರಿ. ಪಾತಾಳದ ಮಾತೇ ಬರಲಿಲ್ಲವಲ್ಲ ಅಂತ ಬಂದೆ.

ಕಿಷ್ಕಿಂಧಾಕಾಂಡ ನೆನಪಿಸಿಕೊಳ್ಳಿ. ಸೀತೆಯನ್ನು ಹುಡುಕುತ್ತಾ ಹನುಮಂತ, ಅಂಗದ ಮೊದಲಾದವರು ಬಾಯಾರಿ ಬಳಲಿದ್ದಾರೆ. ಒಂದು ಬಿಲದಿಂದ ಹಕ್ಕಿಗಳು ಹೊರಗೆ ಬರುತ್ತಿವೆ, ರೆಕ್ಕೆ ಒದ್ದೆ. ಒಳಗೆ ನೀರಿರಲೇಬೇಕು ಅಂತ ಒಬ್ಬರ ಕೈ ಒಬ್ಬರು ಹಿಡಿದು ಕತ್ತಲಿಗೆ ಇಳಿಯುತ್ತಾರೆ. ಒಳಗೆ ಅಸುರಶಿಲ್ಪಿ ಮಯ ಕಟ್ಟಿದ ಚಿನ್ನದ ವನ, ಅದನ್ನು ಕಾಯುತ್ತಿರುವ ಸ್ವಯಂಪ್ರಭೆ. ಒಳಬಂದವರು ತಮ್ಮ ಬಲದಿಂದ ಹೊರಗೆ ಹೋಗುವಂತಿಲ್ಲ. ಅವಳೇ ಬಿಡಬೇಕು, ಬಿಡುವಾಗ ಇವರು ಕಣ್ಣು ಮುಚ್ಚಿಕೊಳ್ಳಬೇಕು. ಹೊರಗೆ ಬಂದು ನೋಡಿದರೆ ಸುಗ್ರೀವ ಕೊಟ್ಟ ತಿಂಗಳ ಗಡುವು ಮುಗಿದೇಹೋಗಿದೆ. ಅಂಗದ ಪ್ರಾಣವನ್ನೇ ಬಿಡುತ್ತೇನೆ ಅಂತ ಕೂರುವುದು ಆಗಲೇ.

ಒಳಗೆ ಎಳೆಯುವ ಗುರುತು, ಒಳಗಿನ ಕಾನೂನು, ಹೊರಬರಲು ಕೊಡಬೇಕಾದ ಬೆಲೆ ಮೂರೂ ಒಂದೇ ಪ್ರಸಂಗದಲ್ಲಿ ಸಿಕ್ಕವಲ್ಲ? ನಿಮ್ಮ ಅಮಾವಾಸ್ಯೆಯ ನೀರು ಆ ಒದ್ದೆ ರೆಕ್ಕೆಯ ಜಾತಿಯದೇ. ಅದಕ್ಕೇ ಮೊದಲ ಪ್ಯಾರಾ ಓದುತ್ತಲೇ ನನಗೆ ಹಿಡಿಸಿತು.

ಬರೀ ಓದುಗ

ಅಕ್ಕಾ, ಮಹಾಭಾರತದ ಉತ್ತಂಕನ ಕಥೆಯನ್ನೂ ಹೇಳಿಬಿಡಿ. ನೀವು ಹೇಳಿದ್ರೇ ಚೆಂದ.

ಪುರಾಣಪ್ರಿಯೆ

ಹೇಳದೆ ಬಿಟ್ಟೇನೇ! ಉತ್ತಂಕ ಒಬ್ಬ ವಿದ್ಯಾರ್ಥಿ. ಗುರುಪತ್ನಿಗೆ ಕೊಡಬೇಕಾದ ಕಿವಿಯೋಲೆಯನ್ನು ನಾಗರಾಜ ತಕ್ಷಕ ಕದ್ದು ಬಿಲ ಹೊಕ್ಕ. ಇವನು ಕೈಯಲ್ಲಿದ್ದ ಕೋಲಿನಲ್ಲೇ ನೆಲ ಅಗೆಯಲು ಶುರುಮಾಡಿದ. ಇಂದ್ರನಿಗೆ ಕರುಣೆ ಬಂದು ಕೋಲಿಗೆ ವಜ್ರಾಯುಧದ ಬಲ ಕೊಟ್ಟ. ನಾಗಲೋಕಕ್ಕೆ ಇಳಿದರೆ ಅರಮನೆ, ಉಪ್ಪರಿಗೆ, ಆಟದ ಬಯಲು. ನಾಗಗಳನ್ನು ಎಷ್ಟು ಹೊಗಳಿದರೂ ಓಲೆ ಮಾತ್ರ ಸಿಗಲಿಲ್ಲ. ಆಗ ಕಂಡದ್ದು ನೋಡಿ: ಇಬ್ಬರು ಹೆಂಗಸರು ಮಗ್ಗದಲ್ಲಿ ಕಪ್ಪು ಬಿಳಿ ನೂಲಿನಿಂದ ಬಟ್ಟೆ ನೇಯುತ್ತಿದ್ದಾರೆ. ಹನ್ನೆರಡು ಅರೆಗಳ ಒಂದು ಚಕ್ರವನ್ನು ಆರು ಹುಡುಗರು ತಿರುಗಿಸುತ್ತಿದ್ದಾರೆ. ನೂಲು ಹಗಲು ರಾತ್ರಿ, ಚಕ್ರ ವರ್ಷ, ಹುಡುಗರು ಋತುಗಳು ಅಂತ ಆಮೇಲೆ ಗುರುಗಳು ಬಿಡಿಸಿ ಹೇಳುತ್ತಾರೆ.

ಅಂದರೆ ಮೇಲಿನ ಹಗಲು ತಯಾರಾಗುತ್ತಿರುವುದು ಕೆಳಗೆ. ಮೇಲಿದ್ದವರು ಅದನ್ನು ಉಟ್ಟುಕೊಂಡು ಓಡಾಡುತ್ತಾರೆ, ನೇಯ್ದವರು ಯಾರೆಂದು ಕೇಳುವುದಿಲ್ಲ.

(ಅಲ್ಲೇ ನಿಂತಿದ್ದ ಕುದುರೆಯ ಹಿಂಬದಿಗೆ ಉತ್ತಂಕ ಊದಿದ್ದು, ಹೊಗೆಯೆದ್ದು ತಕ್ಷಕ ಓಲೆ ತಂದುಕೊಟ್ಟದ್ದು, ಅದೇ ಕುದುರೆಯೇರಿ ಸಮಯಕ್ಕೆ ಸರಿಯಾಗಿ ಮುಟ್ಟಿದ್ದು ಬೇರೆ ಕಥೆ. ಗಂಭೀರ ಕಾದಂಬರಿಗೆ ಆ ಭಾಗ ಹೊಂದಲಿಕ್ಕಿಲ್ಲ.)

ಅಡ್ಡಮಾತು

ಆ ಭಾಗವೇ ಬೇಕು ಅನ್ನಿ!

ಕತ್ತಲೆಮನೆ

ಪುರಾಣಪ್ರಿಯೆ ಅವರೇ, ನಿಮ್ಮ ಮಗ್ಗದ ಮಾತು ಓದಿದಾಗಿನಿಂದ 'ಅಡಗಿಸುವುದು ಹೇಗೆ' ಎಂಬ ಚಿಂತೆ ಬಿಟ್ಟೆ. ಮೇಲಿನ ಊರು ಕೆಳಗಿನವರಿಗೆ ಏನು ಬಾಕಿ ಉಳಿಸಿಕೊಂಡಿದೆ ಎಂದು ಕೇಳಿಕೊಂಡರೆ ಕಥೆ ತಾನೇ ನಡೆಯುತ್ತದೆ. ಅಮಾವಾಸ್ಯೆಯ ನೀರು ಕಳವಲ್ಲ, ಕೂಲಿ. ಯಾವುದೋ ಕಾಲದಲ್ಲಿ ಮಾತಾಗಿತ್ತು: ನಾವು ಕೆಳಗಿನಿಂದ ಊರು ಹಿಡಿದು ನಿಲ್ಲಿಸುತ್ತೇವೆ, ನೀವು ನೀರು ಕೊಡಿ. ಮಾತು ಮರೆತುಹೋಯಿತು, ನೀರು ಮಾತ್ರ ಹೋಗುತ್ತಿದೆ. ಕಚೇರಿಯ ಪುಸ್ತಕದಲ್ಲಿ ಅದರ ಹೆಸರು 'ಸೋರಿಕೆ'.

ಬರೀ ಓದುಗ

ಇದು ಸರಿಹೋಯ್ತು. ಇದಕ್ಕೆ ಹೊಂದುವ ಒಂದು ನಿಜವಾದ ಕಥೆ ಇಟಲಿಯ ನೇಪಲ್ಸ್‌ನಲ್ಲಿದೆ. ಗ್ರೀಕರ ಕಾಲದಿಂದ ಊರಿನಡಿಯ ಮೆತ್ತನೆ ಕಲ್ಲು ಕೊರೆದು ತೆಗೆದರು. ಆ ಟೊಳ್ಳುಗಳಲ್ಲೇ ಆಮೇಲೆ ನೀರು ತುಂಬಿಸಿದರು. ದೊಡ್ಡ ಮನೆಗಳಿಗೆಲ್ಲ ಅಲ್ಲಿಗೆ ಇಳಿಯುವ ಬಾವಿ. ಆ ನೀರು ನೋಡಿಕೊಳ್ಳುವವರಿಗೆ ಪೊತ್ಸಾರೋ ಅಂತ ಹೆಸರು. ಸಣ್ಣ ದೇಹ, ತಲೆ ಮೇಲೆ ಮುಸುಕು, ಬಾವಿಯ ಗೋಡೆಯಲ್ಲಿ ಕೊರೆದ ಕಾಲ್ಗುಳಿ ಹಿಡಿದು ಹತ್ತಿ ಇಳಿಯೋದು. ಯಾವ ಮನೆಯ ಬಾವಿಯಿಂದ ಬೇಕಾದರೂ ಅಡುಗೆಮನೆಗೆ ಏಳಬಹುದಿತ್ತು.

ಅದೇ ಊರಿನಲ್ಲಿ ಮುನಾಚಿಯೆಲ್ಲೋ ಅನ್ನೋ ಭೂತದ ಕಥೆಯಿದೆ. ಪುಟ್ಟ ಸನ್ಯಾಸಿಯ ವೇಷ, ರಾತ್ರಿ ಮನೆಯೊಳಗೆ ಬರುತ್ತದೆ. ಖುಷಿಯಾದರೆ ದುಡ್ಡು ಇಟ್ಟು ಹೋಗುತ್ತದೆ, ಮುನಿದರೆ ಸಾಮಾನು ಮಾಯ. ಕೂಲಿ ಕೊಡದ ಮನೆಗೆ ಪೊತ್ಸಾರೋ ಬಾವಿಯಿಂದ ಬಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಿದ್ದನಂತೆ, ಅದರಿಂದಲೇ ಈ ಭೂತ ಹುಟ್ಟಿತು ಅನ್ನೋದು ಅಲ್ಲಿನವರು ಹೇಳುವ ವಿವರಣೆ. 1884ರ ಕಾಲರಾ ಆದಮೇಲೆ 1885ರಲ್ಲಿ ಹೊಸ ನೀರಿನ ವ್ಯವಸ್ಥೆ ಬಂತು, ಪೊತ್ಸಾರೋಗಳ ಕಸುಬು ಹೋಯಿತು. ಭೂತ ಉಳಿಯಿತು.

ಅಡ್ಡಮಾತು

ನನ್ನದೊಂದು ತಕರಾರು. ಎಲ್ಲ ಮಾಟವನ್ನೂ ಹೀಗೆ 'ಅದು ಭೂತ ಅಲ್ಲ, ಪಾಪ ಕೂಲಿಯವನು' ಅಂತ ಬಿಡಿಸಿಟ್ಟರೆ ಓದುಗನಿಗೆ ಉಳಿಯೋದೇನು? ನಾನು ಮಾಯಾಲೋಕಕ್ಕೆ ದುಡ್ಡು ಕೊಟ್ಟಿರೋದು, ಕಾರ್ಮಿಕ ಇಲಾಖೆಯ ವರದಿಗಲ್ಲ.

ಬರೀ ಓದುಗ

ಬಿಡಿಸಿಡಬೇಡಿ, ಎರಡನ್ನೂ ಒಟ್ಟಿಗೆ ಇಡಿ. ಅವನು ಪೊತ್ಸಾರೋನೂ ಹೌದು, ಭೂತವೂ ಹೌದು.

ಪುಟತಿರುವು

ಲಂಡನ್ನಿನಲ್ಲಿ ಹಾಗೆ ಒಟ್ಟಿಗೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಚರಂಡಿಯೊಳಗೆ ನುಗ್ಗಿ ನಾಣ್ಯ, ತಾಮ್ರ, ಕಬ್ಬಿಣ ಆರಿಸಿ ಬದುಕುವವರಿದ್ದರು, ಟಾಷರ್ ಅಂತ ಕರೆಯುತ್ತಿದ್ದರು. ಅವರೊಳಗೊಂದು ನಂಬಿಕೆ: ಇಲಿಗಳ ರಾಣಿ ಕಣ್ಣಿಗೆ ಬೀಳದೆ ಹಿಂದೆ ಹಿಂದೆ ಬರುತ್ತಾಳೆ. ಯಾರಾದರೂ ಮನಸ್ಸಿಗೆ ಹಿಡಿಸಿದರೆ ಚೆಲುವೆಯ ರೂಪದಲ್ಲಿ ಎದುರಾಗುತ್ತಾಳೆ. ಅವಳಿಗೆ ಒಪ್ಪಿಗೆಯಾದರೆ ಅವನಿಗೆ ಕೆಳಗೆ ಕೈಯಿಟ್ಟಲ್ಲಿ ದುಡ್ಡು. ಗುರುತು ಹಿಡಿಯಬೇಕೆಂದರೆ ಕಣ್ಣು ನೋಡಬೇಕು, ದೀಪಕ್ಕೆ ಪ್ರಾಣಿಯ ಕಣ್ಣಿನ ಹಾಗೆ ಹೊಳೆಯುತ್ತದೆ. ಕಾಲಿನ ಬೆರಳಿಗೆ ಉಗುರಿನ ಬದಲು ಪಂಜ. ಸೊಂಟದವರೆಗಿನ ಕೊಳಚೆಯಲ್ಲಿ ದುಡಿಯುವವನು ಕಟ್ಟಿಕೊಂಡ ಮಾಟ ಇದು. ದುಡಿತ ತೆಗೆದುಬಿಟ್ಟರೆ ರಾಣಿಯೂ ಇರುವುದಿಲ್ಲ.

ಅಡ್ಡಮಾತು

ಹ್ಮ್. ಆ ಕಾಲಿನ ಬೆರಳು ಚೆನ್ನಾಗಿದೆ. ತಕರಾರು ಅರ್ಧ ವಾಪಸ್.

ಕತ್ತಲೆಮನೆ

ಇಷ್ಟೆಲ್ಲ ಕೇಳಿದ ಮೇಲೆ ಮೂರನೇ ಅಧ್ಯಾಯ ಮತ್ತೆ ಬರೆದೆ. ಒಂದು ತುಣುಕು ಹಾಕುತ್ತಿದ್ದೇನೆ, ಮುಲಾಜಿಲ್ಲದೆ ಹೇಳಿ.

"ರಾತ್ರಿ ಎರಡೂವರೆ. ಊರೆಲ್ಲ ನಲ್ಲಿ ಮುಚ್ಚಿ ಮಲಗಿದ ಹೊತ್ತು. ಈಗ ಪೈಪಿನಲ್ಲಿ ಹರಿಯುವುದೆಂದರೆ ಹೆಚ್ಚಿನದು ಸೋರುವ ನೀರೇ. ಮುದುಕ ವಾಲ್ವಿನ ಮುಚ್ಚಳ ಎತ್ತಿ ಕಬ್ಬಿಣದ ಸಲಾಕೆ ಇಳಿಸಿದ. ಸಲಾಕೆಯ ಮೇಲ್ತುದಿಯ ಮರದ ಗುಬುಟು ಎಷ್ಟೋ ವರ್ಷ ಅವನ ಕಿವಿಗೆ ಒತ್ತಿ ಒತ್ತಿ ಕಪ್ಪಗೆ ನುಣುಪಾಗಿತ್ತು.

'ಸುಯ್ ಅಂತ ಒಂದೇ ಸಮ ಬಂದ್ರೆ ಬಿರುಕು ಕಣವ್ವ. ಅದು ಬಿಟ್ಟು ಬೇರೆ ಏನಾದ್ರೂ ಕೇಳಿದ್ರೆ ನಂಗೆ ಹೇಳಬ್ಯಾಡ.'

ಅವಳು ಕೂದಲು ಹಿಂದೆ ಸರಿಸಿ ಕಿವಿಯಿಟ್ಟಳು. ಸುಯ್ ಎನ್ನಲಿಲ್ಲ. ಬುಳುಕ್ ಎಂದಿತು. ಹಗ್ಗ ಕಲ್ಲಿಗೆ ತಿಕ್ಕುವ ಸದ್ದು. ಮತ್ತೆ ಬುಳುಕ್. ಲೆಕ್ಕ ಬರೆಯುವ ಕೈ ತಾನಾಗಿಯೇ ಬೆರಳು ಮಡಿಸತೊಡಗಿತು. ಏಳು, ಎಂಟು. ಬೀದಿಯ ತುದಿಯಲ್ಲಿ ನಾಯಿಯೊಂದು ಬೊಗಳಿ ಎಣಿಕೆ ತಪ್ಪಿತು. ಒಂಬತ್ತೋ, ಹತ್ತೋ?

'ಹತ್ತು,' ಎಂದಿತು ಸಲಾಕೆ, ಹೆಂಗಸಿನ ದನಿಯಲ್ಲಿ."

ಪುರಾಣಪ್ರಿಯೆ

ಅಯ್ಯೋ! ಮೈ ಜುಮ್ಮೆಂದಿತು. ಅವಳನ್ನು ಕೆಳಗಿನವರು ಆರಿಸಿದ್ದಲ್ಲ, ಅವಳ ಎಣಿಕೆ ತಪ್ಪಿತು ಅಂತ ತಿದ್ದಿದರು. ಲೆಕ್ಕದವಳಿಗೆ ಅದಕ್ಕಿಂತ ಬಲವಾದ ಕರೆ ಇನ್ನೇನಿದೆ?

ಮಣ್ಣಿನ ಇಂಜಿನಿಯರು

ಸಲಾಕೆ ಸರಿ, ರಾತ್ರಿ ಹೊತ್ತೂ ಸರಿ, ಸೋರಿಕೆ ಹುಡುಕೋದು ಹಾಗೇನೇ. ಆದ್ರೆ ಒತ್ತಡ ಇರೋ ಪೈಪಿಂದ ಕೊಡದಲ್ಲಿ ಮೊಗೆಯೋಕಾಗಲ್ಲ. ನೀರು ಚಿಮ್ಮಿ ಹೊಡೆಯುತ್ತೆ. ಪೈಪು ಸೋರಿ ಪಕ್ಕದ ಹಳೇ ತೊಟ್ಟಿಗೆ ತುಂಬಿಕೊಳ್ಳುತ್ತೆ, ಅಲ್ಲಿಂದ ಅವರು ಸೇದ್ತಾರೆ ಅಂತ ಬರೀರಿ. ಆಗ ಕಲ್ಲಿಗೆ ಹಗ್ಗ ತಿಕ್ಕೋದೂ ಹೊಂದುತ್ತೆ.

ಇನ್ನೊಂದು. ಅವಳನ್ನ ಕೆಳಗಿಳಿಸುವಾಗ ಗಾಳಿ ಮರೀಬೇಡಿ. ಚರಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತೆ, ಕೊಳೆತ ಮೊಟ್ಟೆ ವಾಸನೆ. ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತೆ. ಪ್ರಮಾಣ ಜಾಸ್ತಿ ಆದ್ರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತೆ. ಅಂದ್ರೆ ವಾಸನೆ ಬರ್ತಿದ್ದಾಗ ಅಲ್ಲ, ಬರ್ತಿದ್ದ ವಾಸನೆ ತಟ್ಟನೆ ನಿಂತಾಗ ಸಾವು ಹತ್ತಿರ. ಪರೀಕ್ಷೆ ಮಾಡದೆ ಮ್ಯಾನ್‌ಹೋಲಿಗೆ ಜನರನ್ನ ಇಳಿಸಿ ಸಾಯಿಸಿರೋದು ಒಂದೆರಡಲ್ಲ, ಅದನ್ನ ಕಥೆಯಲ್ಲಿ ಹಗುರ ಮಾಡಬೇಡಿ.

ಬರೀ ಓದುಗ

ವಾಸನೆ ನಿಂತಾಗ ಹೆದರಬೇಕು ಅನ್ನೋದು ಯಾವ ಮಂತ್ರಕ್ಕಿಂತ ಕಡಿಮೆ ಸಾರ್? ಅದನ್ನೇ ಕೆಳಗಿನ ಲೋಕದ ಮೊದಲ ಕಾನೂನು ಮಾಡಿ. ಮುದುಕನ ಬಾಯಲ್ಲಿ ಹೇಳಿಸಿ.

ಪುಟತಿರುವು

ಬಾಗಿಲ ಬಗ್ಗೆ ಒಂದು ಮಾತು. ಟರ್ಕಿಯ ದೆರಿಂಕುಯು ಎಂಬಲ್ಲಿ 1963ರಲ್ಲಿ ಒಬ್ಬರು ಮನೆ ದುರಸ್ತಿ ಮಾಡಿಸುವಾಗ ಗೋಡೆಯ ಹಿಂದೆ ಕೋಣೆ ಸಿಕ್ಕಿತು, ಅದರಾಚೆ ಸುಮಾರು 85 ಮೀಟರ್ ಆಳದ ಇಡೀ ಊರು. ಅಲ್ಲಿನ ಬಾಗಿಲುಗಳು ಬೀಸುಕಲ್ಲಿನಂಥ ದುಂಡು ಬಂಡೆ. ಉರುಳಿಸಿ ಮುಚ್ಚಲು ಆಗುವುದು ಒಳಗಿನಿಂದ ಮಾತ್ರ. ಬಚ್ಚಿಟ್ಟದ್ದು ಮೇಲಿನವರಲ್ಲ, ಮೇಲಿನವರಿಗೆ ಹೆದರಿ ಒಳಗಿದ್ದವರೇ ಮುಚ್ಚಿಕೊಂಡದ್ದು. ನಿಮ್ಮ ಕೆಳಗಿನವರಿಗೂ ಅಂಥ ಬಾಗಿಲು ಕೊಡಿ. ಅದನ್ನು ತೆರೆಯುವುದು ಬಿಡುವುದು ಅವರ ಇಷ್ಟ.

ಅಡ್ಡಮಾತು

ಕೊನೆ ಏನು ಮಾಡ್ತೀರಿ? ವಾಪಸ್ ಬರ್ತಾಳಾ? ಬಂದ ಮೇಲೆ 'ಎಲ್ಲ ಕನಸಾಗಿತ್ತು' ಅಂದ್ರೆ ಪುಸ್ತಕ ವಾಪಸ್ ಕಳಿಸ್ತೀನಿ.

ಪುರಾಣಪ್ರಿಯೆ

ಬರಲಿ. ಆದರೆ ಗಡುವು ಮೀರಿರಲಿ. ಸ್ವಯಂಪ್ರಭೆಯ ಬಿಲದಿಂದ ಬಿಟ್ಟಿ ಬಂದವರಿಲ್ಲ.

ಕತ್ತಲೆಮನೆ

ಬರುತ್ತಾಳೆ. ಅವಳ ಮೇಜಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ, ಗುರುತೂ ಹಿಡಿಯುವುದಿಲ್ಲ. ಆದರೆ ಕೂಲಿ ನಿಲ್ಲದಂತೆ ನೋಡಿಕೊಳ್ಳುತ್ತೇನೆ ಅಂತ ಕೆಳಗೆ ಮಾತು ಕೊಟ್ಟು ಬಂದಿದ್ದಾಳೆ. ಹಾಗಾಗಿ ಕಚೇರಿಯೊಳಗೆ ಹೇಗಾದರೂ ನುಗ್ಗಿ 'ಸೋರಿಕೆ' ಅಂಕಣದಿಂದ ಆ ನೀರನ್ನು ತೆಗೆದು ಬೇರೆ ತಲೆಬರಹದಡಿ ಬರೆಯಬೇಕು. ಯಾವ ತಲೆಬರಹ ಎಂಬುದು ಹೊಳೆಯುತ್ತಿಲ್ಲ.

ಮಣ್ಣಿನ ಇಂಜಿನಿಯರು

ತಲೆಬರಹ ಆಮೇಲೆ. ಮೊದಲು ಸೋರಿಕೆ ತಡೆಯೋ ಯೋಜನೆ ಬಂದೇ ಬರುತ್ತೆ, ಎಲ್ಲ ಊರಲ್ಲೂ ಬರುತ್ತೆ. ಹಳೇ ಪೈಪು ಕಿತ್ತು ಹೊಸದು ಹಾಕಿ ತೊಟ್ಟಿಗೆ ಬೀಳೋ ನೀರು ನಿಲ್ಲಿಸ್ತಾರೆ. ಗುತ್ತಿಗೆದಾರನಿಗೆ ದುಡ್ಡು, ಮೇಲಧಿಕಾರಿಗೆ ಶಹಬ್ಬಾಸ್. ಕೆಟ್ಟವರು ಯಾರೂ ಇಲ್ಲ, ಎಲ್ಲರೂ ತಮ್ಮ ಕೆಲಸ ಸರಿಯಾಗೇ ಮಾಡ್ತಿದ್ದಾರೆ. ಅಮಾವಾಸ್ಯೆಗೆ ಕೆಳಗೆ ಕೊಡ ಖಾಲಿ ಬರುತ್ತೆ. ಆಗ ಊರು ಹಿಡಿದು ನಿಲ್ಲಿಸಿರೋರು ಕೈ ಬಿಡ್ತಾರೋ ಇಲ್ವೋ, ನಾಲ್ಕನೇ ಅಧ್ಯಾಯ ಅಲ್ಲಿಂದ ಶುರು ಮಾಡಿ. ಪೈಪು ಹಾಕೋ ವಿವರ ಬೇಕಾದ್ರೆ ಕೇಳಿ, ಹೇಳ್ತೀನಿ.